ಸಾಲ ಸುಸ್ತಿಯಾದ ಮೇಲೆ ಸಿಬಿಲ್ ದಾಖಲೆಯನ್ನು ಸರಿಪಡಿಸಿಕೊಳ್ಳುವ ಬಗೆ

2020ರ ಮಾರ್ಚಿನಲ್ಲಿ ಮುಂಬಯಿಯ ಹೋಟೆಲು, ಕ್ಯಾಂಟೀನುಗಳ ಬಾಗಿಲು ಮುಚ್ಚಿದಾಗ ಕಂತು ಕಟ್ಟಲಾಗದೆ ಸುಸ್ತಿದಾರರಾದ ನಮ್ಮ ಮುಂಬಯಿ ಕನ್ನಡಿಗರಲ್ಲಿ ಹಲವರು ಆ ಸಾಲವನ್ನು ಹೇಗೋ ತೀರಿಸಿದ್ದಾರೆ. ಆದರೂ ಡೊಂಬಿವಲಿಯಲ್ಲೋ ನೆರೂಲಿನಲ್ಲೋ ಒಂದು ಸಣ್ಣ ಮನೆ ಕೊಳ್ಳಲು ಹೊರಟರೆ, ಸಿಬಿಲ್ ಸರಿಯಿಲ್ಲವೆಂಬ ಒಂದೇ ಮಾತಿನಲ್ಲಿ ಅರ್ಜಿ ವಾಪಸು ಬರುತ್ತದೆ. ಸಿಬಿಲ್ ಎಂದು ನಾವು ಹೇಳುವುದು, ಸಾಲ ತೀರಿಸುವ ನಮ್ಮ ನಡತೆಗೆ ಕೊಡುವ 300ರಿಂದ 900ರ ನಡುವಿನ ಒಂದು ಅಂಕವನ್ನು. ಆ ಅಂಕವನ್ನು ನೇರವಾಗಿ ತಿದ್ದುವ ದಾರಿ ಯಾರ ಬಳಿಯೂ ಇಲ್ಲ. ಅದು ನಮ್ಮ ಸಾಲಗಳ ವಿವರವಿರುವ ವರದಿಯೊಳಗಿನ ಸಾಲುಗಳಿಂದ ಲೆಕ್ಕ ಹಾಕಿ ಬಂದದ್ದಾದ್ದರಿಂದ, ಕೈ ಹಾಕಬೇಕಾದದ್ದು ಆ ಸಾಲುಗಳಿಗೆ.

ಮೊದಲ ಕೆಲಸ ವರದಿಯನ್ನು ತರಿಸಿಕೊಳ್ಳುವುದು. 2000ದಲ್ಲಿ ಮುಂಬಯಿಯಲ್ಲಿ ಆರಂಭವಾದ ಸಿಬಿಲ್ ಎಂಬ ಕಂಪನಿಯಲ್ಲದೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳು ಬ್ಯಾಂಕುಗಳು ಕೊಟ್ಟ ಮಾಹಿತಿಯಿಂದ ಇಂಥ ವರದಿ ತಯಾರಿಸುತ್ತವೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿರುವ ತಪ್ಪು ಇನ್ನೊಂದರಲ್ಲಿ ಇಲ್ಲದಿರಬಹುದಾದ್ದರಿಂದ ನಾಲ್ಕನ್ನೂ ಅವುಗಳ ಸ್ವಂತ ಜಾಲತಾಣದಿಂದಲೇ ತೆಗೆದು, ಮುದ್ರಿಸಿಕೊಂಡು, ಪೆನ್ಸಿಲು ಹಿಡಿದು ಓದಬೇಕು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುತ್ತದೆಂಬ ಮಾತಿನಲ್ಲಿ ಹುರುಳಿಲ್ಲ.

ಓದುವಾಗ ಹೆಸರು, ಪ್ಯಾನ್, ವಿಳಾಸಗಳಿಂದ ಆರಂಭಿಸಿ. ಇದನ್ನು ಕ್ಷುಲ್ಲಕವೆಂದು ದಾಟಿ ಹೋಗುವವರೇ ಹೆಚ್ಚು. ಮುಂಬಯಿ ಕನ್ನಡಿಗರಿಗೆ ಮಾತ್ರ ತೊಡಕು ಬಹಳ ಸಲ ಹುಟ್ಟುವುದೇ ಇಲ್ಲಿ. ಊರಿನ ದಾಖಲೆಯಲ್ಲಿ ಇನಿಶಿಯಲ್ ಮುಂದಿದ್ದು ಶೆಟ್ಟಿ, ಪೂಜಾರಿ, ಕೋಟ್ಯಾನ್ ಎಂಬ ಕುಲನಾಮ ಕೊನೆಗಿರುತ್ತದೆ. ಇಲ್ಲಿನ ಶಾಲೆ, ಕಚೇರಿಗಳ ದಾಖಲೆಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ತಂದೆಯ ಹೆಸರು ನಡುವೆ ಬಂದು ಕೂರುತ್ತದೆ. ಅದಕ್ಕೆ ಸರಿಯಾಗಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಾಗಿ, ಕುರ್ಲಾದ ಖೋಲಿಯಿಂದ ಕಲ್ಯಾಣದವರೆಗೆ ನಾಲ್ಕಾರು ವಿಳಾಸಗಳು ಒಬ್ಬನ ಹೆಸರಿಗೆ ಅಂಟಿಕೊಂಡಿರುತ್ತವೆ. ನನ್ನದೇ ವರದಿಯಲ್ಲಿ, ನಾನು ಎಂದೂ ಕೊಳ್ಳದ ಒಂದು ಬೈಕಿನ ಸಾಲ ಪುಣೆಯ ವಿಳಾಸದೊಂದಿಗೆ ಎರಡು ವರ್ಷ ಸುಮ್ಮನೆ ಕುಳಿತಿತ್ತು. ಸಾಲ ಮಾಡಿದವರು ನನ್ನ ಹೆಸರಿನವರೇ ಆದ ಬೇರೊಬ್ಬರು. ನಿಮ್ಮದಲ್ಲದ ಸಾಲ ಕಂಡರೆ ಉಳಿದೆಲ್ಲವನ್ನೂ ಬದಿಗಿಟ್ಟು ಮೊದಲು ಅದರ ಬಗ್ಗೆ ದೂರು ಕೊಡಿ.

ಮುಂದೆ ಪ್ರತಿ ಸಾಲದ ಕೆಳಗೆ ತಿಂಗಳುವಾರು ಮನೆಗಳಿರುವ ಒಂದು ಕೋಷ್ಟಕವಿರುತ್ತದೆ. ಕಂತು ಗಡುವು ದಾಟಿ ಎಷ್ಟು ದಿನವಾಯಿತು ಎಂಬುದನ್ನು ಅಲ್ಲಿ ಬರೆಯುತ್ತಾರೆ. ಸೊನ್ನೆಗಳಿದ್ದರೆ ಸರಿ, 30, 60, 90 ಎಂದಿದ್ದರೆ ಸುಸ್ತಿ. 90 ದಿನ ದಾಟಿದ ಸಾಲವನ್ನು ಬ್ಯಾಂಕು ವಸೂಲಾಗದ ಸಾಲಗಳ ಲೆಕ್ಕಕ್ಕೆ ಸೇರಿಸುತ್ತದೆ. ಸಿಬಿಲ್ ವರದಿಯ ಈ ಕೋಷ್ಟಕ 36 ತಿಂಗಳವರೆಗಿನದು, ಹೊಸ ತಿಂಗಳು ಸೇರಿದಂತೆ ಹಳೆಯದು ಹಿಂದಿನಿಂದ ಸರಿದು ಹೋಗುತ್ತದೆ. ತಪ್ಪಿದ ಕಂತು ನಿಜವೇ ಆಗಿದ್ದರೆ ಅದನ್ನು ಅಳಿಸಲು ಬಾರದು, ಅದರ ಮುಂದೆ ಸೊನ್ನೆಗಳನ್ನು ಸಾಲಾಗಿ ಕೂಡಿಸುತ್ತ ಬರುವುದಷ್ಟೇ ನಮ್ಮ ಕೈಯಲ್ಲಿದೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಸೆಟ್ಲ್‌ಮೆಂಟಿನ ವಿಷಯದಲ್ಲಿ. ಎರಡು ಲಕ್ಷ ಬಾಕಿಯಿದ್ದಾಗ ವಸೂಲಿಯವರು ಎಂಬತ್ತು ಸಾವಿರಕ್ಕೆ ಮುಗಿಸಿ ಎಂದರೆ ಯಾರಿಗಾದರೂ ಬಿಡುಗಡೆಯಾದಂತೆ ಅನಿಸುತ್ತದೆ. ಆದರೆ ಹಾಗೆ ಮುಗಿದ ಸಾಲ ವರದಿಯಲ್ಲಿ 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ, ಮತ್ತು ಮುಂದಿನ ಬ್ಯಾಂಕು ಅದನ್ನು ಪೂರ್ತಿ ಕೊಡದೆ ಬಿಟ್ಟ ಸಾಲವೆಂದೇ ಓದುತ್ತದೆ. ಇನ್ನು 'ರಿಟನ್ ಆಫ್' ಎಂದಿದ್ದರೆ ಸಾಲ ಮನ್ನಾ ಆಯಿತೆಂದು ತಿಳಿಯುವವರಿದ್ದಾರೆ. ಬ್ಯಾಂಕು ತನ್ನ ಪುಸ್ತಕದಿಂದ ತೆಗೆದಿದೆ ಅಷ್ಟೆ, ನಿಮ್ಮ ಮೇಲಿನ ಬಾಕಿ ಹಾಗೆಯೇ ಇರುತ್ತದೆ. ಕೈಯಲ್ಲಿ ಹಣವಿದ್ದರೆ ಉಳಿದ ಮೊತ್ತವನ್ನೂ ಕಟ್ಟಿ, ಬಾಕಿಯೇನೂ ಇಲ್ಲವೆಂಬ ನೋ ಡ್ಯೂಸ್ ಸರ್ಟಿಫಿಕೇಟ್ ಪಡೆದು, ವರದಿಯಲ್ಲಿ ಕ್ಲೋಸ್ಡ್ ಎಂದು ತಿದ್ದಿಸುವಂತೆ ಲಿಖಿತವಾಗಿ ಕೇಳುವುದು ಒಳ್ಳೆಯದು. ಅಷ್ಟು ಶಕ್ತಿಯಿಲ್ಲದವರಿಗೆ, ಬಾಕಿಯನ್ನು ಹಾಗೆಯೇ ತೂಗಿಸಿಡುವುದಕ್ಕಿಂತ ಸೆಟ್ಲ್‌ಮೆಂಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಏನೇ ಆದರೂ ಮೊತ್ತ, ಗಡುವು, ವರದಿಯಲ್ಲಿ ಏನೆಂದು ನಮೂದಿಸುತ್ತಾರೆ ಎಂಬುದೆಲ್ಲ ಇರುವ ಪತ್ರ ಲೆಟರ್‌ಹೆಡ್ಡಿನಲ್ಲಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟುವಾಗಲೂ ಸಾಲದ ಖಾತೆಗೇ ಕಟ್ಟಿ, ಏಜೆಂಟನ ಮೊಬೈಲ್ ಸಂಖ್ಯೆಗೆ ಬೇಡ. ಸಾಲವನ್ನು ಬ್ಯಾಂಕು ಬೇರೊಂದು ಕಂಪನಿಗೆ ಮಾರಿದ್ದರೆ ಪತ್ರವೂ ಸರ್ಟಿಫಿಕೇಟೂ ಆ ಕಂಪನಿಯಿಂದಲೇ ಬರಬೇಕು.

ವರದಿಯಲ್ಲಿ ತಪ್ಪಿದ್ದರೆ ಆಯಾ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ತಕರಾರು ಸಲ್ಲಿಸಬಹುದು. ಸಾಲ ಕೊಟ್ಟ ಬ್ಯಾಂಕು ಒಪ್ಪದೆ ಕಂಪನಿಯು ಏನನ್ನೂ ಬದಲಿಸುವುದಿಲ್ಲವಾದ್ದರಿಂದ, ಅದೇ ದಿನ ಬ್ಯಾಂಕಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ರಸೀದಿಗಳ ಪ್ರತಿಯೊಂದಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ತಕರಾರು ಇತ್ಯರ್ಥವಾಗಬೇಕು. ಆಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಬಹಳ ಜನರಿಗೆ ಇದು ಗೊತ್ತಿಲ್ಲ, ಗೊತ್ತಿದ್ದವರೂ ಕೇಳಲು ಸಂಕೋಚಪಡುತ್ತಾರೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ಆನ್‌ಲೈನ್ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿದರಾಯಿತು. 2022ರ ಸೆಪ್ಟೆಂಬರಿನಿಂದ ಸಿಬಿಲ್‌ನಂಥ ಕಂಪನಿಗಳೂ ಈ ಲೋಕಪಾಲರ ವ್ಯಾಪ್ತಿಗೆ ಬಂದಿವೆ.

ಸಿಬಿಲ್ ಸರಿಮಾಡಿಕೊಡುತ್ತೇವೆಂದು ಲೋಕಲ್ ರೈಲಿನ ಡಬ್ಬಿಯಲ್ಲಿ ಚೀಟಿ ಅಂಟಿಸುವವರಿಗೆ ಹಣ ಕೊಡಬೇಡಿ. ನೀವು ಉಚಿತವಾಗಿ ಮಾಡಬಹುದಾದ ತಕರಾರನ್ನೇ ಅವರು ದುಡ್ಡಿಗೆ ಮಾಡುತ್ತಾರೆ.

ಹಳೆಯದು ಒಂದು ಹದಕ್ಕೆ ಬಂದ ಮೇಲೆ ಹೊಸ ದಾಖಲೆ ಕಟ್ಟಬೇಕು. ಸಾಲವೇ ಬೇಡವೆಂದು ಕೈಕಟ್ಟಿ ಕುಳಿತರೆ ಸೊನ್ನೆಗಳು ಸೇರುವುದೆಲ್ಲಿಂದ? ಯಾರೂ ಕಾರ್ಡು ಕೊಡದ ಈ ಹಂತದಲ್ಲಿ ಎಫ್‌ಡಿಯ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ಅನುಕೂಲ. ಉದಾಹರಣೆಗೆ 25,000 ರೂಪಾಯಿಯ ಎಫ್‌ಡಿ ಇಟ್ಟು 20,000ದ ಮಿತಿ ಸಿಕ್ಕಿತೆನ್ನಿ. ತಿಂಗಳಿಗೆ 6,000 ದಾಟದಂತೆ, ಎಂದರೆ ಶೇ. 30ರೊಳಗೆ, ದಿನಸಿಯನ್ನೋ ವಿದ್ಯುತ್ ಬಿಲ್ಲನ್ನೋ ಅದರಲ್ಲಿ ಕೊಟ್ಟು, ಬಿಲ್ಲಿನ ಪೂರ್ತಿ ಮೊತ್ತ ಗಡುವಿನೊಳಗೆ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿಡಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸುಸ್ತಿಯೆಂದು ದಾಖಲಾಗುವುದಿಲ್ಲವಾದರೂ ಬಡ್ಡಿ ಬೆಳೆದು ಮತ್ತೆ ಹಳೆಯ ಗುಂಡಿಗೇ ಇಳಿಸುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಎರಡು ಸಲವಾದರೂ ಮಾಹಿತಿ ಕಳಿಸಬೇಕಾದ್ದರಿಂದ ಒಳ್ಳೆಯದೂ ಕೆಟ್ಟದ್ದೂ ಮೊದಲಿಗಿಂತ ಬೇಗ ವರದಿಗೆ ಬರುತ್ತದೆ.

ಗೆಳೆಯರ ನಡುವಿನ ಭಿಶಿಯಲ್ಲಿ, ಎಂದರೆ ಚೀಟಿ ವ್ಯವಹಾರದಲ್ಲಿ, ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ಹಣ ಕಟ್ಟಿದ್ದರೂ ಸಿಬಿಲ್ ವರದಿಯಲ್ಲಿ ಅದರ ಸುಳಿವಿರುವುದಿಲ್ಲ. ನಮ್ಮ ಜನ ನಂಬಿಕೊಂಡು ಬಂದಿರುವ ಸಹಕಾರಿ ಬ್ಯಾಂಕುಗಳು ಮಾತ್ರ ನಾಲ್ಕೂ ಕಂಪನಿಗಳಿಗೆ ಮಾಹಿತಿ ಕೊಡಬೇಕಾದವು. ಅಲ್ಲಿ ಪರಿಚಯದವರಿದ್ದಾರೆಂದು ಕಂತು ಮುಂದೂಡಿದರೂ ಅದು ದಾಖಲಾಗುತ್ತದೆ. ಜಾಮೀನು ಹಾಕಿದ ಸಾಲವೂ ಹಾಗೆಯೇ. ಊರಿನವರೆಂಬ ದಾಕ್ಷಿಣ್ಯಕ್ಕೆ ಸಹಿ ಹಾಕಿ, ಅವರು ಕಟ್ಟದೆ ಹೋದದ್ದು ತನ್ನ ವರದಿಯಲ್ಲಿ ಕಂಡು ದಂಗಾದವರನ್ನು ಬಲ್ಲೆ. ದಾಖಲೆ ಸುಧಾರಿಸುತ್ತಿರುವ ವರ್ಷಗಳಲ್ಲಿ ಯಾರಿಗೂ ಜಾಮೀನು ನಿಲ್ಲಬೇಡಿ.

ಹೊಸ ಸಾಲಕ್ಕೆ ಅರ್ಜಿ ಹಾಕುವ ಅವಸರವೂ ಬೇಡ, ಏಕೆಂದರೆ ಪ್ರತಿ ಅರ್ಜಿಗೂ ಬ್ಯಾಂಕು ವರದಿ ತೆಗೆಸಿದ ಗುರುತು ಅಲ್ಲಿ ಉಳಿದು, ಒಂದೇ ತಿಂಗಳಲ್ಲಿ ಐದಾರು ಗುರುತುಗಳು ಬಿದ್ದರೆ ಅಂಕ ಇಳಿಯುತ್ತದೆ. ಒಂದಷ್ಟು ತಿಂಗಳು ಸೊನ್ನೆಗಳು ಕೂಡಿದ ಮೇಲೆ, ಸಂಬಳವೋ ವ್ಯಾಪಾರದ ಹಣವೋ ಜಮೆಯಾಗುವ ನಿಮ್ಮ ಬ್ಯಾಂಕಿನ ಶಾಖೆಗೇ ಹೋಗಿ, ಹಳೆಯ ಸಾಲದ ನೋ ಡ್ಯೂಸ್ ಸರ್ಟಿಫಿಕೇಟುಗಳನ್ನು ಮುಂದಿಟ್ಟು, ಅರ್ಜಿ ಭರ್ತಿ ಮಾಡುವ ಮೊದಲೇ ಮ್ಯಾನೇಜರರೊಡನೆ ಮಾತಾಡಿ.