ಹನ್ನೊಂದು ಗಂಟೆಗೆ ಏಳದವನ ಜಿಂಕೆ

"ಕೋವಿ ಸೀಸನ್‌ನಲ್ಲಿ ಕ್ವಾಡ್ ತಗೊಂಡು ಹೋಗೋದು ಅಂದ್ರೆ ಮದುವೆ ಊಟಕ್ಕೆ ಬುತ್ತಿ ಕಟ್ಕೊಂಡು ಹೋದ ಹಾಗೆ ಮಾರಾಯ." ನಮ್ಮ ಗುಂಪಿನ ಗೆಳೆಯನೊಬ್ಬ ನಾಲ್ಕು ವರ್ಷ ಇದೇ ಮಾತನ್ನು ಹೇಳಿ ಹೇಳಿ ನಗಾಡಿದ. ಕ್ವಾಡ್ ಅಂದ್ರೆ ಕಾಡುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ, ಬೈಕಿನಂಥ ಗಾಡಿ. ಅವನದ್ದೂ ತಪ್ಪಲ್ಲ. ಮಿಶಿಗನ್‌ನಲ್ಲಿ ಬೇಟೆ ಆಡುವ ನಮ್ಮವರಿಗೆಲ್ಲ ಗೊತ್ತಿರುವ ವಿಷಯವೇ. ಕೋವಿಯಿಂದ ಜಿಂಕೆ ಹೊಡೆಯುವ ಸೀಸನ್, ಅಂದರೆ ನವೆಂಬರ್ 15ರಿಂದ 30ರ ತನಕ, ಸಾರ್ವಜನಿಕರ ಬೇಟೆಗೆ ಬಿಟ್ಟ ಜಾಗದಲ್ಲಿ ಬೆಳಿಗ್ಗೆ 7ರಿಂದ 11, ಮಧ್ಯಾಹ್ನ 2ರಿಂದ 5 ಗಾಡಿ ಓಡಿಸುವಂತಿಲ್ಲ. ಜಿಂಕೆ ಓಡಾಡುವ ಹೊತ್ತಿನಲ್ಲೇ ಗಾಡಿ ಬಂದ್. ಮತ್ತೆ ಅಷ್ಟು ದುಡ್ಡು ಕೊಟ್ಟು ಕ್ವಾಡ್ ಯಾಕೆ?

ಕಳೆದ ಎರಡು ಸೀಸನ್‌ನಲ್ಲಿ ಎರಡು ಜಿಂಕೆ ಹೊಡೆದೆ. ಎರಡನ್ನೂ ಕಾಡಿನಿಂದ ಒಬ್ಬನೇ ಹೊರಗೆ ತಂದೆ. ಒಂದು ಡಾಲರ್ ದಂಡ ಕಟ್ಟಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದರ ಲೆಕ್ಕ. ಹಳೇ ಹೋಂಡಾ 420, ಸುಮಾರು 3800 ಡಾಲರ್. ಟ್ರೇಲರ್ 900ರ ಆಸುಪಾಸು. ವಿಂಚ್, ಹೆಲ್ಮೆಟ್, ಹಗ್ಗ, ಹಾಳೂಮೂಳು ಸೇರಿ ಇನ್ನೊಂದು ಐನೂರು. ಗಾಡಿಯ ಲೈಸನ್ಸ್ ಮತ್ತು ಕಾಡುದಾರಿಯ ಟ್ರೇಲ್ ಪರ್ಮಿಟ್ ಎರಡೂ ಸೇರಿ 36 ಡಾಲರ್ ಚಿಲ್ಲರೆ. ಗಾಡಿಗೆ ಅಂಟಿಸುವ ಆ ಸ್ಟಿಕ್ಕರಿನ ವರ್ಷ ಏಪ್ರಿಲ್‌ನಿಂದ ಮಾರ್ಚ್‌ಗೆ, ನಮ್ಮೂರ ಬ್ಯಾಂಕಿನ ಲೆಕ್ಕದ ಹಾಗೆ. ಜನವರಿಯಲ್ಲಿ ತಗೊಂಡರೆ ಮೂರೇ ತಿಂಗಳು ಬಾಳುತ್ತದೆ. ನಾನು ತಗೊಂಡಿದ್ದೆ.

ಮೊದಲ ವರ್ಷ ವಾಂಡರ್‌ಬಿಲ್ಟ್ ಹತ್ತಿರದ ಪಿಜನ್ ರಿವರ್ ಕಂಟ್ರಿಗೆ ಟ್ರೇಲರ್ ಎಳೆದುಕೊಂಡು ಹೋದೆ. ಡೆಟ್ರಾಯಿಟ್ ಪಕ್ಕದ ನೋವೈನಿಂದ ಮೂರೂವರೆ ಗಂಟೆ. ಎಲ್ಕ್ ಅನ್ನೋ ದೊಡ್ಡ ಜಿಂಕೆಗಳ ಹಿಂಡು ಇರುವ ಚೆಂದದ ಕಾಡು. ಇಷ್ಟು ದೊಡ್ಡ ಸರ್ಕಾರಿ ಕಾಡು, ಯಾರು ಕೇಳ್ತಾರೆ ಅಂದುಕೊಂಡಿದ್ದೆ. ಅಲ್ಲಿ ಕ್ವಾಡ್‌ಗೆ ಪ್ರವೇಶವೇ ಇಲ್ಲ. ಬೋರ್ಡ್ ಓದಿ, ಕಟ್ಟಿದ ಹಗ್ಗ ಬಿಚ್ಚದೆ, ಪೆಟ್ರೋಲ್ ಸುಟ್ಟುಕೊಂಡು ವಾಪಸ್ ಬಂದೆ. ಬೇಟೆಗೆ ಬಿಟ್ಟ ಜಾಗ ಬೇರೆ, ಚಕ್ರಕ್ಕೆ ಬಿಟ್ಟ ಜಾಗ ಬೇರೆ ಅಂತ ಅವತ್ತು ಗೊತ್ತಾಯಿತು. ರಾಜ್ಯದವರು ಬೇಟೆಗೆಂದು ಇಟ್ಟ ಸ್ಟೇಟ್ ಗೇಮ್ ಏರಿಯಾಗಳಲ್ಲೂ ಅಷ್ಟೇ. ಕಮರ್ಷಿಯಲ್ ಫಾರೆಸ್ಟ್ ಅಂತ, ಮರಕ್ಕಾಗಿ ಬೆಳೆಸುವ ಖಾಸಗಿ ಕಾಡು ಬರುತ್ತದಲ್ಲ, ಅಲ್ಲಿ ನಡೆದು ಹೋಗಿ ಬೇಟೆ ಆಡಬಹುದು. ಗಾಡಿ ಬೇಕಾದರೆ ಮಾಲೀಕರನ್ನು ಕೇಳಬೇಕು.

ಎರಡನೇ ವರ್ಷದಿಂದ ಗ್ರೇಲಿಂಗ್ ಮತ್ತು ಮಿಯೋ ನಡುವಿನ ಕಾಡು ಹಿಡಿದೆ. ಮರಳು ನೆಲ, ಜ್ಯಾಕ್ ಪೈನ್ ಗಿಡಗಳು. ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿ ಗೂಡು ಕಟ್ಟುವ ಸೀಮೆ ಇದು. ಆದರೆ ಇಲ್ಲಿ ರಾಜ್ಯದ ಕಾಡೂ ಹ್ಯುರಾನ್ ರಾಷ್ಟ್ರೀಯ ಅರಣ್ಯವೂ ಚದುರಂಗದ ಮನೆಗಳ ಹಾಗೆ ಬೆರೆತಿವೆ. ರಾಷ್ಟ್ರೀಯ ಅರಣ್ಯದಲ್ಲಿ ಅವರ ನಕ್ಷೆಯಲ್ಲಿ ಇರುವ ದಾರಿ ಬಿಟ್ಟು ಚಕ್ರ ಇಳಿಸುವಂತಿಲ್ಲ. ಫೋನಿನಲ್ಲಿ ಎರಡೂ ನಕ್ಷೆ ಹಾಕಿಕೊಳ್ಳಿ. ಸಿಗ್ನಲ್ ಸಿಗಲ್ಲ, ಮನೆಯಲ್ಲೇ ಇಳಿಸಿಕೊಂಡು ಹೋಗಿ.

ದಂಡ ಬಿದ್ದದ್ದು ಆ ವರ್ಷವೇ. ಹೊರಗೆ 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ ಒಂಬತ್ತು ಸೆಲ್ಸಿಯಸ್. ಕಾಲು ಬೆರಳು ಇವೆಯೋ ಇಲ್ಲವೋ ಗೊತ್ತಾಗದ ಸ್ಥಿತಿ. ಬೂಟಿನೊಳಗೆ ಇಡುವ ಬಿಸಿ ಪೊಟ್ಟಣ ಕಾರಿನಲ್ಲೇ ಉಳಿದಿತ್ತು. ಹತ್ತೂ ಇಪ್ಪತ್ತಕ್ಕೆ ಕ್ವಾಡ್ ಹತ್ತಿ ಹೊರಟೆ. ಒಂದು ತಿರುವು ದಾಟುವಷ್ಟರಲ್ಲಿ ಬೇಟೆ ನಿಯಮ ಕಾಯುವವರ ಹಸಿರು ಟ್ರಕ್. ಅಧಿಕಾರಿ ನಯವಾಗಿಯೇ ಮಾತಾಡಿದರು, ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎಲ್ಲ ಸೇರಿ ಇನ್ನೂರರ ಹತ್ತಿರ. ಒಂದು ಡಾಲರಿನ ಪೊಟ್ಟಣಕ್ಕೆ!

ಆಮೇಲೆ ಒಂದಷ್ಟು ಹುಚ್ಚು ಪ್ರಯೋಗಗಳು. ಕ್ವಾಡ್ ಸದ್ದು ಎಷ್ಟು ದೂರ ಹೋಗುತ್ತದೆ ನೋಡೋಣ ಅಂತ ಅಕ್ಟೋಬರಿನ ಒಂದು ಭಾನುವಾರ ಹೆಂಡತಿಯನ್ನು ಕುರ್ಚಿ ಸಮೇತ ಕಾಡುದಾರಿಯಲ್ಲಿ ಕೂರಿಸಿದೆ. ಕಾನೂನಿನ ಮಿತಿ 94 ಡೆಸಿಬೆಲ್, ನನ್ನ ಗಾಡಿ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಅರ್ಧ ಮೈಲಿ ಆಚೆಗೂ ಕೇಳಿಸಿತಂತೆ. "ಗಾಡಿ ನಿಲ್ಲಿಸಿದ ಮೇಲೂ ನಿಮ್ಮ ಕೆಮ್ಮು ಕೇಳ್ತಿತ್ತು" ಅಂದಳು. ಸೈಲೆನ್ಸರಿಗೆ ಇನ್ನೊಂದು ಡಬ್ಬ ಕಟ್ಟುವ ಯೋಜನೆ ಅಲ್ಲಿಗೇ ಬಿಟ್ಟೆ. ಎರಡು ಚಕ್ರದ ತಳ್ಳುಗಾಡಿ ತಗೊಂಡೆ, ಮರಳಿನಲ್ಲಿ ಹೂತುಹೋಯಿತು. ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯುವವರು ಎಳೆಯುವ ಪ್ಲಾಸ್ಟಿಕ್ ಜಾರುಬಂಡಿ ಇದೆಯಲ್ಲ, ಅದು ಮಾತ್ರ ಚಿನ್ನ. ಹಿಮ ಇಲ್ಲದಿದ್ದರೂ ಒಣ ಜರೀಗಿಡದ ಮೇಲೆ ಬೆಣ್ಣೆ ಹಾಗೆ ಜಾರುತ್ತದೆ.

ಕೆಲಸ ಮಾಡಿದ ಉಪಾಯಕ್ಕೆ ಬರುತ್ತೇನೆ. ಸೋಮವಾರಪೇಟೆ ಕಡೆಯ ನಮ್ಮಜ್ಜ 1972ರ ವನ್ಯಜೀವಿ ಕಾಯ್ದೆಗೂ ಮುಂಚಿನ ಕಾಲದ ಬೇಟೆಗಾರ. ಮರಸು ಕೂತವನು, ಅಂದರೆ ಬೇಟೆಗೆ ಮರೆಯಲ್ಲಿ ಕಾಯುವವನು, ಹೊಟ್ಟೆ ಹಸಿದಾಗ ಏಳಬಾರದು, ಕಾಡಿನ ಮಿಕ್ಕವರ ಹೊಟ್ಟೆ ಹಸಿಯುವ ತನಕ ಕಾಯಬೇಕು ಅಂತಿದ್ದರು. ಹನ್ನೊಂದು ಗಂಟೆಗೆ ಈ ಕಾಡಿನಲ್ಲಿ ಏನಾಗುತ್ತದೆ ಅಂತ ಯೋಚಿಸಿ. ಏಳರಿಂದ ಕಟ್ಟಿಹಾಕಿದ ಹಾಗೆ ಕೂತ ಅಷ್ಟೂ ಜನ ಒಟ್ಟಿಗೆ ಗಾಡಿ ಶುರು ಮಾಡುತ್ತಾರೆ. ನಾಲ್ಕೂ ಕಡೆಯಿಂದ ಗುರ್ ಅಂತ ಸದ್ದು. ಕ್ಯಾಂಪಿನಲ್ಲಿ ಸೂಪ್ ಕಾಯುತ್ತಿರುತ್ತದೆ. ಮಲಗಿದ್ದ ಜಿಂಕೆಗಳು ಎದ್ದು ಸದ್ದಿಲ್ಲದ ಕಡೆಗೆ ಸರಿಯುತ್ತವೆ. ಹಾಗಾದರೆ ಆ ಹೊತ್ತಿಗೆ ಸದ್ದಿಲ್ಲದ ಕಡೆ ಕೂತಿರಬೇಕಾದವನು ಯಾರು?

ಅದಕ್ಕೇ ನಾನು ಬೆಳಿಗ್ಗೆ ಆರೂಕಾಲಕ್ಕೆಲ್ಲ ಗಾಡಿ ನಿಲ್ಲಿಸಿಬಿಡುತ್ತೇನೆ. ಹೆಡ್‌ಲೈಟ್ ಉರಿಸಿಕೊಂಡೇ ಹೋಗಬೇಕು, ಕತ್ತಲಲ್ಲಿ ಅದು ಕಡ್ಡಾಯ. ಕೋವಿ ಖಾಲಿ ಇರಬೇಕು, ಚೀಲದೊಳಗೆ ಇರಬೇಕು. ಆ ಚೀಲದ ಜಿಪ್ ಒಮ್ಮೆ ಹಿಮಗಟ್ಟಿ, ಹಲ್ಲಿನಲ್ಲಿ ಕಚ್ಚಿ ಎಳೆದಿದ್ದೇನೆ. ತುಟಿ ಲೋಹಕ್ಕೆ ಅಂಟಿಕೊಂಡು ಚರ್ಮ ಕಿತ್ತು ಬಂತು. ಈಗ ಜಿಪ್‌ಗೆ ಮೇಣ ಸವರುತ್ತೇನೆ. ಗಾಡಿಯಿಂದ ಅರ್ಧ ಮೈಲಿ ನಡೆದು ಕೂರುತ್ತೇನೆ. ಬೇರೆಯವರಿಗೆ ಗಾಡಿ ಓಡಿಸಲು ಬಿಟ್ಟ ಮೂರು ಗಂಟೆ ನನಗೆ ಕದಲದೆ ಕೂರುವ ಮೂರು ಗಂಟೆ. ಬುತ್ತಿ ಚಪಾತಿ, ಚಟ್ನಿಪುಡಿ. ಪೇಪರ್ ಸದ್ದಾಗುತ್ತೆ, ಬಟ್ಟೆಯಲ್ಲಿ ಸುತ್ತಿ.

ಮೊದಲನೆಯದು ಹನ್ನೆರಡೂಕಾಲಕ್ಕೆ ಬಂತು. ಎರಡನೆಯದು, ಎಂಟು ಕವಲಿನ ಗಂಡು, ಹನ್ನೊಂದೂ ಮುಕ್ಕಾಲಿಗೆ. ಎಲ್ಲಿ ಕೂರುತ್ತೇನೆ, ಜಾಗ ಹೇಗೆ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬೇಸಿಗೆಯಲ್ಲಿ ಎರಡು ಸಲ ಹೋಗಿ ಚಕ್ರದ ಗುರುತು ನೋಡುತ್ತೇನೆ ಅಂತ ಮಾತ್ರ ಹೇಳುತ್ತೇನೆ. ಜಿಂಕೆಯ ಗೊರಸಿನ ಗುರುತು ಅಲ್ಲ, ಚಕ್ರದ್ದು.

ಹೊಡೆದ ಮೇಲೆ ಕ್ವಾಡ್ ತನ್ನ ದುಡ್ಡು ತೀರಿಸುತ್ತದೆ. ಬೇಟೆ ಲೈಸನ್ಸ್ ಮೇಲೆ ಹೊಡೆದ ಜಿಂಕೆ, ಎಲ್ಕ್, ಕರಡಿಯನ್ನು ಹೊರತರಲು ಬಂದ್ ಹೊತ್ತಿನಲ್ಲೂ ಗಾಡಿ ಓಡಿಸಬಹುದು, ರಾಜ್ಯದ ಕಾಡಿನಲ್ಲಾದರೆ ದಾರಿ ಬಿಟ್ಟು ಇಳಿಯಲೂಬಹುದು. ಗಂಟೆಗೆ 5 ಮೈಲಿ ಮೀರಬಾರದು, ಅತಿ ನೇರ ದಾರಿಯಲ್ಲೇ ಹೋಗಬೇಕು, ಹೊಳೆ ಜೌಗಿನಲ್ಲಿ ಇಳಿಯಬಾರದು. ಮೊದಲ ಜಿಂಕೆ ಗುಂಡು ತಿಂದು ಜೌಗಿನ ಆಚೆ ಹೋಗಿ ಬಿತ್ತು. ಕ್ವಾಡ್‌ನಿಂದ ನೂರು ಗಜ ಇಲ್ಲ, ಆದರೆ ನಡುವೆ ನೀರು. ಬಳಸಿಕೊಂಡು ಆರುನೂರು ಗಜ ಜಾರುಬಂಡಿಯಲ್ಲಿ ಎಳೆದೆ. ಎರಡು ಗಂಟೆ ಹಿಡಿಯಿತು. ಸೊಂಟ ಡಿಸೆಂಬರ್ ತನಕ ನೋಯಿತು. ಈಗ ಜೌಗಿನ ಕಡೆ ಮುಖ ಮಾಡಿ ನಿಂತ ಜಿಂಕೆಗೆ ಗುಂಡು ಹಾರಿಸಲ್ಲ.

ಎರಡನೆಯದನ್ನು ಹೊರತರುವಾಗ ಮೂರು ಗಂಟೆ, ಬಂದ್ ಹೊತ್ತು. ಮತ್ತೆ ಹಸಿರು ಟ್ರಕ್ ಎದುರಾಯಿತು. ಜಿಂಕೆಗೆ ಕಟ್ಟಿದ ಟ್ಯಾಗ್ ನೋಡಿದರು, ಕೋವಿ ಚೀಲ ಮುಟ್ಟಿ ನೋಡಿದರು, ಸ್ಟಿಕ್ಕರ್ ನೋಡಿದರು. ನನ್ನ ಫೋನಿನ ಜಿಪಿಎಸ್ ಗಂಟೆಗೆ 4 ಮೈಲಿ ವೇಗ ತೋರಿಸುತ್ತಿತ್ತು. ಅವರು ಕೇಳದಿದ್ದರೂ ತೋರಿಸಿದೆ. ನಕ್ಕು ಹೋದರು. ಹೊಡೆದ ಜಿಂಕೆಯ ವರದಿಯನ್ನು 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹಾಕುವ ನಿಯಮ ಇದೆಯಲ್ಲ, ನಾನು ಅವತ್ತು ರಾತ್ರಿಯೇ ಹಾಕಿದೆ. ಹೆಮ್ಮೆ ತಡೆಯಲಾಗಲಿಲ್ಲ.

ನಗಾಡುತ್ತಿದ್ದ ಗೆಳೆಯ ಈಗ ಸೈಡ್‌-ಬೈ-ಸೈಡ್, ಅಂದರೆ ಇಬ್ಬರು ಅಕ್ಕಪಕ್ಕ ಕೂರುವ ಕಾಡುಗಾಡಿ ತಗೊಂಡಿದ್ದಾನೆ. ಹದಿನೈದು ಸಾವಿರದ ಮೇಲೆ, 64 ಇಂಚು ಅಗಲ. ನಾನು ಹೋಗುವ 50 ಇಂಚಿನ ಟ್ರೇಲ್‌ಗೆ ಅದು ನುಗ್ಗಲ್ಲ. ಅಳತೆ ಮಾಡದೆ ತಗೊಂಡೆಯಾ ಅಂದರೆ ಮಾತು ಬದಲಿಸುತ್ತಾನೆ. ಡಿಸೆಂಬರಿನಲ್ಲಿ ಮನೆಗೆ ಬಂದಿದ್ದ. ಊರಿಂದ ತಂದ ಕಾಚಂಪುಳಿ ಹಾಕಿ, ಹಂದಿ ಕರಿಯ ಮಸಾಲೆಯಲ್ಲೇ ಜಿಂಕೆ ಮಾಡಿದ್ದೆ. ಎರಡನೇ ಸಲ ಬಡಿಸುವಾಗ ತಟ್ಟೆ ನೋಡುತ್ತಲೇ ಕೇಳಿದ, "ಅಲ್ಲ ಮಾರಾಯ, ನೀನು ಕೂರೋದು ಸರಿಯಾಗಿ ಎಲ್ಲಿ?"

ಇನ್ನೊಂದು ಸೌಟು ಹಾಕಿದೆ.