ಗಂಗಾವಳಿ ಅಳಿವೆಯಲ್ಲಿ ಹುಬ್ಬಳ್ಳಿ ಮೆಕ್ಯಾನಿಕ್

ನಾನು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ನೀರಿನ ಮೇಲಿನ ಅನುಭವ ಅಂದರೆ ಉಣಕಲ್ ಕೆರೆಯಲ್ಲಿ ಮಕ್ಕಳ ಜೊತೆ ಪೆಡಲ್ ಬೋಟ್ ತುಳಿದದ್ದು, ಅಷ್ಟೇ. ಒಮ್ಮೆ ಕುಮಟಾದ ಗೆಳೆಯನೊಬ್ಬ ತನ್ನ 18 ಅಡಿ ಫೈಬರ್ ದೋಣಿಯ ಇಂಜಿನ್ ನೋಡೋಕೆ ನನ್ನನ್ನು ಗೋಕರ್ಣದ ದಕ್ಷಿಣಕ್ಕಿರುವ ಮೀನುಗಾರಿಕೆ ಬಂದರು ತದಡಿಗೆ ಕರೆಸಿದ. 9.9 ಎಚ್‌ಪಿಯ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿಂದ ಸಿಕ್ಕಿಸುವ ಇಂಜಿನ್. ರಿಪೇರಿ ಮಾಡಿದೆ, ಓಡಿಸಿ ನೋಡಿದೆ, ಹುಚ್ಚು ಹಿಡಿಯಿತು. ಆಮೇಲೆ ಚಳಿಗಾಲದಲ್ಲಿ ರಜೆ ಸಿಕ್ಕರೆ ಸಾಕು, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವುದೇ ಕೆಲಸ.

ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿಯನ್ನು ಸೇರುತ್ತದೆ. ಅದೇ ನೀರು ಘಟ್ಟ ಇಳಿದ ಮೇಲೆ ಗಂಗಾವಳಿ ಅನ್ನಿಸಿಕೊಂಡು ಗೋಕರ್ಣದ ಉತ್ತರಕ್ಕೆ ಸಮುದ್ರಕ್ಕೆ ಬೀಳುತ್ತದೆ. ನಮ್ಮ ಕಡೆ ನೀರು ಎಲ್ಲಿಗೆ ಬಂದು ಮುಟ್ಟುತ್ತದೆ ಅಂತ ಸಮುದ್ರದ ಕಡೆಯಿಂದ ಹೊಕ್ಕು ನೋಡಬೇಕು ಅನ್ನುವ ಆಸೆ ನನಗೆ. ತದಡಿಯಿಂದ ದಂಡೆ ಹಿಡಿದು ಹೋದರೆ ಹತ್ತು-ಹನ್ನೆರಡು ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅದಕ್ಕಿಂತ ಜಾಸ್ತಿ ದೂರ. ಇದೇನು ಮಹಾ ಅಂದುಕೊಂಡೆ.

ಜನವರಿ. ಬನದ ಹುಣ್ಣಿಮೆಗೆ ಎರಡು ದಿನ ಇತ್ತು. ಜೊತೆಗೆ ಅಣ್ಣನ ಮಗ. ಏಳಕ್ಕೆ ಬಿಡಬೇಕಿದ್ದವರು ಚಹಾ, ನಾಷ್ಟಾ ಅಂತ ಹತ್ತು ಮಾಡಿದೆವು. ಓಂ ಬೀಚ್ ಎದುರು ಇಂಜಿನ್ ಬಂದ್ ಮಾಡಿ ಫೋಟೋ ತೆಗೆದೆವು. ಗೋಕರ್ಣದ ದೊಡ್ಡ ಬೀಚ್ ಎದುರು ಮೊದಲನೇ ಟ್ಯಾಂಕಿನ ಪೆಟ್ರೋಲ್ ಮುಗಿಯಿತು. ಎರಡನೇ ಟ್ಯಾಂಕಿಗೆ ಪೈಪ್ ಬದಲಿಸಿ ಮುಂದೆ ಹೋದೆವು. ಅಳಿವೆ, ಅಂದರೆ ನದಿ ಸಮುದ್ರ ಸೇರುವ ಬಾಯಿ, ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ.

ಸಮುದ್ರದ ಕಡೆಯಿಂದ ನೋಡಿದರೆ ಅಳಿವೆ ಬಹಳ ಸಾಧು ಕಾಣುತ್ತದೆ. ಕಾರಣ ಇಷ್ಟೇ: ಒಡೆಯುವ ತೆರೆಯ ಮುಖ ದಂಡೆ ಕಡೆ ಇರುತ್ತದೆ, ನಮಗೆ ಕಾಣುವುದು ಅದರ ಬೆನ್ನು ಮಾತ್ರ. ಆ ದಿನ ಭರತಿ (ಸಮುದ್ರದ ನೀರಿನ ಏರಿಕೆ) ತುಂಬಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಅಂದರೆ ಮೂರು ಗಂಟೆವರೆಗೆ ಇಳಿತ, ಅದರ ಜೋರು ನಡುವಿನ ಹೊತ್ತಿಗೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಅದರ ಎಳೆತ ಇನ್ನೂ ಹೆಚ್ಚು. ಬೆಳಿಗ್ಗೆ ದಂಡೆಯಿಂದ ಬೀಸುತ್ತಿದ್ದ ಗಾಳಿ ಮಧ್ಯಾಹ್ನಕ್ಕೆ ತಿರುಗಿ ಸಮುದ್ರದಿಂದ ಬೀಸತೊಡಗಿತ್ತು. ನದಿ ಹೊರಗೆ ನುಗ್ಗುತ್ತಿದೆ, ಗಾಳಿ ಒಳಗೆ ತಳ್ಳುತ್ತಿದೆ. ಎರಡೂ ಅಳಿವೆಯ ಬಾಯಲ್ಲಿ ನೀರೊಳಗೆ ಇರುವ ಮರಳದಿಣ್ಣೆ ಮೇಲೆ ಎದುರಾಬದುರಾ. ತೆರೆ ಒತ್ತೊತ್ತಾಗಿ, ಗೋಡೆಯ ಹಾಗೆ ನೆಟ್ಟಗೆ ಏಳುತ್ತಿತ್ತು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಕಂಡದ್ದು ಅಲ್ಲಲ್ಲಿ ಒಂದಿಷ್ಟು ಬಿಳಿ ನೊರೆ ಮಾತ್ರ.

ದಿಣ್ಣೆಯ ಹೊರ ಅಂಚಿಗೆ ಬಂದಾಗ ಇಂಜಿನ್ ಎರಡು ಸಲ ಕೆಮ್ಮಿತು. ಮೂರನೇ ಸಲ ನಿಂತೇಹೋಯಿತು.

"ಕಾಕಾ, ಬಂದ್ ಆತಲ್ಲ!"

ದೋಣಿ ಅಡ್ಡ ತಿರುಗಿತು. ಒಂದು ತೆರೆ ಅರ್ಧ ಬಕೆಟ್ ನೀರು ಒಳಗೆ ಸುರಿದು ಹೋಯಿತು. ಲೈಫ್ ಜಾಕೆಟ್ ಎಲ್ಲಿ ಅಂದರೆ, ರೊಟ್ಟಿ ಗಂಟಿನ ಕೆಳಗೆ! ಲಂಗರು ಬಿಟ್ಟೆ. ಹಿಡಿಯಲಿಲ್ಲ. ನಾಲ್ಕು ಮೀಟರ್ ಆಳಕ್ಕೆ ನನ್ನ ಹತ್ತಿರ ಹತ್ತು ಮೀಟರ್ ಹಗ್ಗ, ತಳ ಮುಟ್ಟಿದರೆ ಸಾಕಲ್ವಾ ಅನ್ನುವುದು ನನ್ನ ಲೆಕ್ಕ. ಹಗ್ಗ ಗಿಡ್ಡ ಇದ್ದರೆ ದೋಣಿ ಲಂಗರನ್ನು ಮೇಲಕ್ಕೆ ಎಳೆಯುತ್ತದೆ, ಅದರ ಕೊಕ್ಕೆ ಮರಳಲ್ಲಿ ಕೂರುವುದೇ ಇಲ್ಲ. ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ಎಳೆತ ಅಡ್ಡಕ್ಕೆ ಬಿದ್ದು ಕೊಕ್ಕೆ ಹೂತುಕೊಳ್ಳುತ್ತದೆ. ಸ್ವಲ್ಪ ದೂರದಲ್ಲಿ ಬಲೆ ಎತ್ತುತ್ತಿದ್ದ ಅಜ್ಜ ಒಬ್ಬರು ಕೂಗಿದರು: "ಹಗ್ಗ ಬಿಡಿ ಮಾರಾಯ್ರೆ, ಇನ್ನೂ ಬಿಡಿ!" ಬಿಡಲು ಹಗ್ಗ ಎಲ್ಲಿದೆ? ಸಾಮಾನು ಕಟ್ಟಿದ್ದ ನೈಲಾನ್ ಹಗ್ಗ ಬಿಚ್ಚಿ ಗಂಟು ಹಾಕಿದೆ. ಕೈ ನಡುಗಿ ಗಂಟು ಎರಡು ಸಲ ಜಾರಿತು. ಕಡೆಗೆ ಲಂಗರು ಕಚ್ಚಿತು, ದೋಣಿಯ ಮೂತಿ ತೆರೆಗೆ ಎದುರಾಗಿ ನಿಂತಿತು.

ಆಮೇಲೆ ಇಂಜಿನ್ ಕಡೆ ನೋಡಿದೆ. ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಗುಂಡು ಚಪ್ಪಟೆಯಾಗಿತ್ತು. ಅದನ್ನು ನೋಡಿದ್ದೇ ಮೈಯೆಲ್ಲ ಬಿಸಿಯಾಯಿತು. ಎರಡನೇ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ನಾನು ತೆಗೆದೇ ಇರಲಿಲ್ಲ! ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಹತ್ತು-ಹದಿನೈದು ನಿಮಿಷ ಹೇಗೋ ಓಡಿ ಉಸಿರುಗಟ್ಟಿ ನಿಂತಿದೆ. ಗಿರಾಕಿ ಯಾರಾದರೂ ಹೀಗೆ ಮಾಡಿಕೊಂಡು ಬಂದಿದ್ದರೆ ಅಂಗಡಿಯಲ್ಲಿ ಅವರನ್ನು ಎಷ್ಟು ಆಡಿಕೊಳ್ಳುತ್ತಿದ್ದೆನೋ. ಸ್ಕ್ರೂ ಸಡಿಲಿಸಿದೆ. ಟ್ಯಾಂಕು ಉಸ್ ಅಂತು. ಗುಂಡು ನಾಲ್ಕು ಸಲ ಹಿಚುಕಿ ದಾರ ಎಳೆದರೆ ಇಂಜಿನ್ ಶುರು. ಅಳಿವೆಗೆ ಕೈ ಮುಗಿದು ತದಡಿಗೆ ವಾಪಸ್.

ಮರುದಿನ ಆ ಅಜ್ಜನನ್ನು ಹುಡುಕಿಕೊಂಡು ರಸ್ತೆ ಮೇಲೆ ಹೋದೆ. ನನ್ನನ್ನು ಬೈಯಲಿಲ್ಲ. "ನೀವು ಗಡಿಯಾರ ನೋಡ್ತ್ರಿ, ನಾವು ತಿಥಿ ನೋಡ್ತೇವೆ" ಅಂದರು. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಒಂಬತ್ತಕ್ಕಿದ್ದರೆ ನಾಳೆ ಹತ್ತರ ಹತ್ತಿರ. ಅಳಿವೆ ಹೊಗುವುದಿದ್ದರೆ ಭರತಿ ತುಂಬುವ ಕೊನೆಯ ಒಂದೆರಡು ಗಂಟೆಯಲ್ಲಿ, ಗಾಳಿ ಏಳುವ ಮೊದಲು. ಹೊಗುವ ಮುಂಚೆ ಹತ್ತು ನಿಮಿಷ ಹೊರಗೆ ನಿಂತು ತೆರೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ನೋಡಬೇಕು. ಒಡೆಯದ ಕಡೆ ಸಾಮಾನ್ಯವಾಗಿ ಆಳ.

ಈಗ ದೋಣಿಯಲ್ಲಿ 40 ಮೀಟರ್ ಹಗ್ಗ ಇರುತ್ತದೆ. ಪೆಟ್ರೋಲ್ ಮೂರು ಪಾಲು: ಹೋಗೋಕೆ ಒಂದು, ಬರೋಕೆ ಒಂದು, ಇನ್ನೊಂದನ್ನು ಮುಟ್ಟುವುದಿಲ್ಲ. ಜಾಕೆಟ್ ಮೈಮೇಲೆ. ಸೆಖೆ ಅಂತ ಅಣ್ಣನ ಮಗ ಗೊಣಗುತ್ತಾನೆ, ಗೊಣಗಲಿ.

ಫೆಬ್ರುವರಿಯಲ್ಲಿ ಮತ್ತೆ ಹೋದೆವು. ಹತ್ತೂವರೆಗೆ ಭರತಿ. ಒಂಬತ್ತಕ್ಕೇ ಅಳಿವೆಯ ಹೊರಗೆ ನಿಂತು ತೆರೆ ಎಣಿಸಿದೆವು. ಒಳಗೆ ಹೋಗೋಕೆ ಐದು ನಿಮಿಷವೂ ಹಿಡಿಯಲಿಲ್ಲ. ಸುಮ್ನೆ ನದಿಯೇ ಒಳಗೆ ಎಳೆದುಕೊಂಡಿತು. ನೀರು ನಿಂತಂತಿದ್ದ ಕಡೆ ಲಂಗರು ಹಾಕಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಹುಡುಗ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡ.

"ಕಾಕಾ, ಧಾರವಾಡದ ನೀರು ಅಂದಿದ್ರಿ. ಪೂರಾ ಉಪ್ಪು ಐತ್ರಿ."