ಏಕಾದಶಿ ಉಪವಾಸ: ಮೊದಲ ಸಲ ಮಾಡುವವರಿಗೆ

ಏಕಾದಶಿ ಅಂದ್ರೆ ಒಂದು ದಿನ ಊಟ ಬಿಡುವುದು, ಅಷ್ಟೇ ಅಂದುಕೊಂಡು ನಾನೂ ಶುರು ಮಾಡಿದ್ದೆ. ಆಮೇಲೆ ಗೊತ್ತಾಯಿತು, ದಶಮಿ, ಏಕಾದಶಿ, ದ್ವಾದಶಿ ಸೇರಿ ಇದು ಮೂರು ದಿನದ ವ್ರತ. ಹಸಿವು ಹೇಗೋ ತಡೆದುಕೊಳ್ಳಬಹುದು. ಜನ ಎಡವುವುದು ಯಾವತ್ತು ಉಪವಾಸ, ಎಷ್ಟು ಹೊತ್ತಿಗೆ ಪಾರಣೆ (ದ್ವಾದಶಿಯಂದು ಉಪವಾಸ ಮುರಿಯುವ ಊಟ) ಅನ್ನುವ ಲೆಕ್ಕದಲ್ಲಿ.

ಅದಕ್ಕೇ ಮೊದಲು ಪಂಚಾಂಗ ತೆಗೆಯಿರಿ. ಶುಕ್ಲ ಪಕ್ಷಕ್ಕೊಂದು, ಕೃಷ್ಣ ಪಕ್ಷಕ್ಕೊಂದು, ವರ್ಷಕ್ಕೆ 24 ಏಕಾದಶಿ. ಅಧಿಕ ಮಾಸ ಬಂದ ವರ್ಷ 26. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಬೇಕಾದ ಹೊತ್ತು ಒಂದು ತಿಥಿ. ಚಂದ್ರ ಸದಾ ಒಂದೇ ವೇಗದಲ್ಲಿ ಓಡುವುದಿಲ್ಲ, ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಮಧ್ಯಾಹ್ನ ಮೂರಕ್ಕೆ ಏಕಾದಶಿ ಶುರುವಾದರೆ ಯಾವ ದಿನ ಉಪವಾಸ? ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆ ಅಂತ ನೋಡುತ್ತಾರೆ. ವೈಷ್ಣವರು ಇನ್ನೂ ಹಿಂದೆ ಹೋಗಿ ಅರುಣೋದಯ, ಅಂದರೆ ಸೂರ್ಯ ಹುಟ್ಟುವುದಕ್ಕೆ 4 ಘಳಿಗೆ (96 ನಿಮಿಷ) ಮುಂಚೆ ನೋಡುತ್ತಾರೆ. ಆಗ ದಶಮಿ ಚೂರು ಉಳಿದಿದ್ದರೂ ಅದು ದಶಮಿ ವಿದ್ಧ, ಅಂದರೆ ದಶಮಿ ತಾಕಿದ ಏಕಾದಶಿ, ಉಪವಾಸ ಮರುದಿನಕ್ಕೆ. ಪಕ್ಕದ ಮನೆಯವರು ಬುಧವಾರ ಮಾಡಿ ನೀವು ಗುರುವಾರ ಮಾಡಿದರೆ ಇಬ್ಬರದ್ದೂ ಸರಿಯೇ. ನಿಮ್ಮ ಮನೆಯಲ್ಲಿ ಯಾವ ಮಠದ ಪಂಚಾಂಗ ಇದೆಯೋ ಅದನ್ನು ಹಿಡಿಯಿರಿ, ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನಲ್ಲ.

ದಶಮಿ ದಿನ ಒಪ್ಪತ್ತು, ಅಂದರೆ ಮಧ್ಯಾಹ್ನ ಒಂದೇ ಊಟ. ನಾಳೆ ಏನೂ ಇಲ್ಲ ಅಂತ ರಾತ್ರಿ ಗಡದ್ದಾಗಿ ಬಾರಿಸಿದರೆ ಮರುದಿನ ಹಸಿವು ಜಾಸ್ತಿಯೇ ಆಗುತ್ತದೆ, ನಾನು ಮಾಡಿ ನೋಡಿದ್ದೇನೆ. ದಿನಕ್ಕೆ ಮೂರ್ನಾಲ್ಕು ಕಾಫಿ ಕುಡಿಯುವವರು ಎರಡು ದಿನ ಮೊದಲೇ ಇಳಿಸಿಕೊಂಡು ಬನ್ನಿ. ಏಕಾದಶಿ ಮಧ್ಯಾಹ್ನದ ತಲೆನೋವು ಎಷ್ಟೋ ಸಲ ಹಸಿವಿನದ್ದಲ್ಲ, ಕಾಫಿಯದ್ದು. ದ್ವಾದಶಿಯಂದು ತುಳಸಿ ಕೀಳುವುದಿಲ್ಲ, ಅದನ್ನೂ ಮೊದಲೇ ಬಿಡಿಸಿಡಿ.

ಏಕಾದಶಿ ದಿನ ಎಷ್ಟು ಕಟ್ಟುನಿಟ್ಟು ಅನ್ನುವುದು ಮನೆ ಮನೆಗೂ ಬೇರೆ. ಮಾಧ್ವರ ಮನೆಗಳಲ್ಲಿ ನಿರ್ಜಲ ಮಾಡುವವರು ಈಗಲೂ ಇದ್ದಾರೆ, ದೇವರ ತೀರ್ಥ ಬಿಟ್ಟರೆ ಹನಿ ನೀರೂ ಇಲ್ಲ. ಮೊದಲ ಸಲ ಮಾಡುವವರು ಆ ಸಾಹಸಕ್ಕೆ ಹೋಗಬೇಡಿ. ನೀರು, ಹಾಲು, ಹಣ್ಣು ಸಾಕು. ಅನ್ನ, ಬೇಳೆ ಅಂತೂ ಬೇಡ. ಅವಲಕ್ಕಿ ನಡೆಯುತ್ತದೆ ಅನ್ನುವವರಿದ್ದಾರೆ, ಆದರೆ ಅದೂ ಅಕ್ಕಿಯೇ ಅಲ್ವಾ? ಇನ್ನು ಸಬ್ಬಕ್ಕಿ ಖಿಚಡಿ, ಮೇಲೆ ಶೇಂಗಾ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಸಂಜೆಗೆ ಸಜ್ಜಿಗೆ ಅಂತ ಹೋದರೆ ಮಾಮೂಲಿ ದಿನಕ್ಕಿಂತ ಜಾಸ್ತಿ ತಿಂದಿರುತ್ತೀರಿ. ಉಪವಾಸ ಅಂದರೆ ‘ಹತ್ತಿರ ಇರುವುದು’, ದೇವರ ಹತ್ತಿರ. ಅಡುಗೆಮನೆ ಕೆಲಸ ಇಳಿದರೆ ಆ ಹೊತ್ತು ಜಪಕ್ಕೋ ಭಜನೆಗೋ ಸಿಗುತ್ತದೆ. ಮೂರು ಬಗೆ ಫಲಾಹಾರ ಮಾಡುತ್ತಾ ಒಲೆ ಮುಂದೆ ನಿಂತರೆ ಅದು ಎಲ್ಲಿ ಸಿಗಬೇಕು?

ಎಂಟು ವರ್ಷದ ಒಳಗಿನವರಿಗೂ ಎಂಬತ್ತು ದಾಟಿದವರಿಗೂ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ವ್ರತ ಕೆಡಿಸದ ಎಂಟು ಸಂಗತಿಗಳನ್ನು ಮಹಾಭಾರತ ಹೇಳುತ್ತದೆ. ನೀರು, ಗೆಡ್ಡೆ, ಹಣ್ಣು, ಹಾಲಿನ ಜೊತೆ ಔಷಧವೂ ಅದರಲ್ಲಿದೆ. ಹಾಗಾಗಿ ಉಪವಾಸ ಅಂತ ಮಾತ್ರೆ ಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಲೇಬೇಡಿ.

ಇನ್ನು ಪಾರಣೆ. ದ್ವಾದಶಿ ತಿಥಿಯ ಮೊದಲ ಕಾಲು ಭಾಗ ಹರಿವಾಸರ, ಅದು ಮುಗಿಯುವ ತನಕ ಪಾರಣೆ ಮಾಡುವ ಹಾಗಿಲ್ಲ. ಬೆಳಗಿನ ಜಾವ 4ಕ್ಕೆ ದ್ವಾದಶಿ ಶುರುವಾಗಿ 24 ಗಂಟೆ ಇರುತ್ತದೆ ಅಂತಿಟ್ಟುಕೊಳ್ಳಿ, ಆಗ ಹರಿವಾಸರ 10ಕ್ಕೆ ಮುಗಿಯುತ್ತದೆ, ಅಲ್ಲಿಯವರೆಗೆ ಕಾಯಬೇಕು. ಕೆಲವು ಸಲ ಇದರ ಉಲ್ಟಾ: ದ್ವಾದಶಿಯೇ ಬೆಳಿಗ್ಗೆ 7:15ಕ್ಕೆ ಮುಗಿದುಹೋಗುತ್ತದೆ, ಅಷ್ಟರೊಳಗೆ ಪೂಜೆ ಮುಗಿಸಿ ಪಾರಣೆ ಮಾಡಬೇಕು. ಇಂಥ ಬೇಗ ಮುಗಿಯುವ ದ್ವಾದಶಿಗೆ ಸಾಧನೆ ದ್ವಾದಶಿ ಅನ್ನುತ್ತಾರೆ, ಪಂಚಾಂಗದಲ್ಲಿ ಅದು ಕಂಡರೆ ಹಿಂದಿನ ರಾತ್ರಿಯೇ ಅಲಾರಾಂ ಇಡಿ. ಭಾಗವತದ ಅಂಬರೀಷ ರಾಜ ಸಿಕ್ಕಿಬಿದ್ದದ್ದು ಇಲ್ಲೇ. ಅವನು ಊಟಕ್ಕೆ ಕರೆದಿದ್ದ ದುರ್ವಾಸರು ನದಿಗೆ ಹೋದವರು ಬರಲಿಲ್ಲ, ದ್ವಾದಶಿ ಜಾರುತ್ತಿದೆ, ಅತಿಥಿಯನ್ನು ಬಿಟ್ಟು ಉಣ್ಣುವಂತೆಯೂ ಇಲ್ಲ. ಕೊನೆಗೆ ಬರೀ ನೀರು ಕುಡಿದ, ಉಂಡಂತೆಯೂ ಆಯಿತು, ಉಣ್ಣದಂತೆಯೂ ಆಯಿತು. ಅಡುಗೆ ತಡವಾದಾಗ ನಮಗೂ ಅದೇ ದಾರಿ.

ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಹಾಕಿ ಮಾಡುವುದು ನಮ್ಮಲ್ಲಿ ರೂಢಿ. ಖಾಲಿ ಹೊಟ್ಟೆಗೆ ಖಾರ, ಎಣ್ಣೆ ಸುರಿಯಬೇಡಿ, ಬಿಸಿ ಅನ್ನ, ತುಪ್ಪ, ತೊವ್ವೆ ಸಾಕು. ಮತ್ತೆ ಆ ಸೊಪ್ಪನ್ನು ಮುಂಚೆಯೇ ತಂದು ಬಿಡಿಸಿಟ್ಟುಕೊಳ್ಳಿ, ದ್ವಾದಶಿ ಬೆಳಿಗ್ಗೆ ಆರಕ್ಕೆ ಯಾರೂ ಅಂಗಡಿ ತೆಗೆದಿರುವುದಿಲ್ಲ.